ಊರಿನ ಹೆಸರೂ ಜಾಲತಾಣದ ದಾರಿಯೂ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕಲ್ಪೆಟ್ಟದ ಕಾಗದದ ಮೇಲೆ ನಾವು 673121 ಎಂದು ಬರೆಯುತ್ತೇವೆ, ಮಾನಂದವಾಡಿಗಾದರೆ 670645. ಒಂದೇ ಜಿಲ್ಲೆಯ ಊರುಗಳಿಗೆ ಮೊದಲ ಮೂರಂಕೆಗಳೇ ಬೇರೆ. ಪಿನ್ ಸಂಖ್ಯೆ ಜಾರಿಗೆ ಬಂದುದು 1972ರಲ್ಲಿ. ಆಗ ಉತ್ತರ ವಯನಾಡು ಕಣ್ಣೂರಿಗೂ ದಕ್ಷಿಣ ವಯನಾಡು ಕೋಳಿಕ್ಕೋಡಿಗೂ ಸೇರಿದ್ದವು. ವಯನಾಡು ಜಿಲ್ಲೆಯಾದುದು 1980ರ ನವೆಂಬರ್ 1ರಂದು. ಜಿಲ್ಲೆ ಹೊಸದಾದರೂ ಕಾಗದ ಹಳೆಯ ಅಂಕೆಯಿಂದಲೇ ಬಂದು ಸೇರುತ್ತಲಿದೆ.

ನಮ್ಮ ಹಳೆಯ ಸಂಚಿಕೆಗಳನ್ನು ಜಾಲತಾಣಕ್ಕೆ ಏರಿಸಬೇಕೆಂಬ ಮಾತು ನಡೆದಿರುವುದರಿಂದ ಇದನ್ನು ನೆನೆದೆನು. ಜಾಲತಾಣದ ಚೌಕಟ್ಟು ಅಂಚೆಯ ವಿಂಗಡಣೆಗಾರನಂತೆ ವಿಳಾಸವನ್ನು ಓದಿ, ತನ್ನ ಪಟ್ಟಿಯ ಮಾದರಿಗಳಿಗೆ ಹೋಲಿಸಿ, ಹೊಂದಿದ ಪುಟವನ್ನು ತೆರೆಯುತ್ತದೆ. ಮಾದರಿಯಲ್ಲಿ ಕೆಲವು ಸ್ಥಿರಪದಗಳು, ಕೆಲವು ತೆರವುಗಳು. ಆ ತೆರವಿನೊಳಗೆ ಯಾವ ಅಕ್ಷರಕ್ಕೆ ಪ್ರವೇಶವುಂಟು ಎಂಬುದೇ ಪ್ರಶ್ನೆ.

ಬಹುಜನ ಬಳಸುವ ಜಾಂಗೋ ಎಂಬ ಚೌಕಟ್ಟನ್ನೇ ನೋಡೋಣ. ಅದರ ‘ಸ್ಲಗ್’ ಎಂಬ ತೆರವು ಇಂಗ್ಲಿಷ್ ಅಕ್ಷರ, ಅಂಕೆ, ಅಡ್ಡಗೆರೆ, ಅಡಿಗೆರೆಗಳನ್ನು ಮಾತ್ರ ಒಪ್ಪುತ್ತದೆ. ಲೇಖನದ ಶೀರ್ಷಿಕೆಯಿಂದ ವಿಳಾಸವನ್ನು ರಚಿಸುವ ಅದರ ಸಲಕರಣೆಗೆ ಕನ್ನಡವನ್ನು ಕೊಟ್ಟರೆ ಏನೂ ಉಳಿಯುವುದಿಲ್ಲ. 2015ರ 1.9ನೆಯ ಆವೃತ್ತಿಯಲ್ಲಿ ಇತರ ಲಿಪಿಗಳಿಗೂ ಅನುಮತಿ ದೊರೆಯಿತು. ದೊರೆತುದು ಅರ್ಧ ಅನುಮತಿ! ಅಲ್ಲಿಯ ಜರಡಿ ಕೇಳುವುದು ‘ಇದು ಅಕ್ಷರವೇ, ಅಂಕೆಯೇ?’ ಎಂದು. ಯೂನಿಕೋಡ್ ನಮ್ಮ ಗುಣಿತದ ಚಿಹ್ನೆಗಳನ್ನೂ ಒತ್ತಕ್ಷರವನ್ನು ಕೂಡಿಸುವ ವಿರಾಮವನ್ನೂ ಅಕ್ಷರವೆನ್ನದೆ ‘ಚಿಹ್ನೆ’ಯೆಂದು ವರ್ಗೀಕರಿಸಿದೆ. ಆದುದರಿಂದ ಅವು ಉದುರಿಹೋಗುತ್ತವೆ.

ಸುಲ್ತಾನ್ ಬತ್ತೇರಿಗೆ ಜೈನರ ಕಾಲದಲ್ಲಿ ಹನ್ನೆರಡು ಬೀದಿ ಎಂಬ ಹೆಸರಿತ್ತೆಂದು ಹೇಳುವರಷ್ಟೆ. ಆ ಹೆಸರು ಈ ಜರಡಿಯಿಂದ ‘ಹನನರಡ-ಬದ’ ಎಂದು ಹೊರಬೀಳುತ್ತದೆ. ‘ಕನ್ನಡ’ವು ‘ಕನನಡ’ವಾಗುತ್ತದೆ. ಇಲ್ಲಿ ಯಾರ ದ್ವೇಷವೂ ಇಲ್ಲ. ಗುಣಿತವಿಲ್ಲದ ಲಿಪಿಯನ್ನು ಕಣ್ಣೆದುರಿಗಿಟ್ಟುಕೊಂಡು ನಿಯಮ ಬರೆದುದರ ಫಲ, ಅಷ್ಟೆ. ಅಕ್ಷರ, ಅಂಕೆಗಳೊಡನೆ ಚಿಹ್ನೆಯ ವರ್ಗವನ್ನೂ ಒಪ್ಪುವಂತೆ ನಿಯಮವನ್ನು ನಾವೇ ಬರೆದುಕೊಳ್ಳಬಹುದು. ಅದು ಒಂದೆರಡು ಸಾಲಿನ ಕೆಲಸ.

ಇಂಗ್ಲಿಷಿನಲ್ಲೇ ಬರೆದರೆ ಸಾಲದೆ ಎನ್ನುವವರ ವಾದದಲ್ಲಿ ತಿರುಳಿಲ್ಲದಿಲ್ಲ. ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟ್ ಬೇಕು; ಸಾಗಣೆಯಲ್ಲಿ ಅದು ಶೇಕಡಾ ಗುರುತುಗಳೊಡನೆ ಒಂಬತ್ತು ಸ್ಥಾನಗಳಾಗುತ್ತದೆ. ‘ವಯನಾಡು’ ಎಂಬ ಒಂದೇ ಪದ 54 ಸ್ಥಾನಗಳಷ್ಟು ಬೆಳೆಯುತ್ತದೆ. ಮಿತ್ರರಿಗೆ ಕಳುಹಿಸುವಾಗ ಕೆಲವೊಮ್ಮೆ ಈ ಉದ್ದನೆಯ ರೂಪವೇ ಕಾಣಿಸಿ ಗಾಬರಿಗೊಳಿಸುವುದು.

ನನ್ನ ಸಲಹೆಯಾದರೂ ಇಷ್ಟು: ವಿಳಾಸವು ‘/ಲೇಖನ/17/ಹನ್ನೆರಡು-ಬೀದಿ’ ಎಂಬಂತಿರಲಿ. ದಾರಿಯನ್ನು ಹುಡುಕತಕ್ಕದ್ದು 17 ಎಂಬ ಸಂಖ್ಯೆ, ಹೆಸರು ಓದುವವರಿಗೆ. ಹೆಸರಿನ ಕಾಗುಣಿತವನ್ನು ಮುಂದೆ ತಿದ್ದಿದರೂ, ಉದ್ದವಾಯಿತೆಂದು ಯಾರಾದರೂ ಕತ್ತರಿಸಿ ಕಳುಹಿಸಿದರೂ, ಮಾನಂದವಾಡಿಯ ಕಾಗದದಂತೆ ಪುಟ ಸಿಕ್ಕೇ ಸಿಕ್ಕುವುದು. ಒಮ್ಮೆ ಕೊಟ್ಟ ಸಂಖ್ಯೆಯನ್ನು ಮಾತ್ರ ಬೇರೆ ಲೇಖನಕ್ಕೆ ಕೊಡಕೂಡದು.

ಈ ಕೆಲಸಕ್ಕೆ ಮುಂದಾಗಿರುವ ನಮ್ಮ ಯುವಕರು, ಒಂದು ಪುಟವನ್ನೂ ಏರಿಸುವ ಮೊದಲು, ಹನ್ನೆರಡು ಬೀದಿಯನ್ನೇ ಬರೆದು ಪರೀಕ್ಷಿಸಿ ನೋಡಬೇಕೆಂದು ಕೋರುತ್ತೇನೆ.