ಖಾನೇಷುಮಾರಿಯವರು ಬಾಗಿಲಿಗೆ ಬಂದಾಗ



ನಮ್ಮ ಹಿರಿಯರು ಖಾನೇಷುಮಾರಿ ಎನ್ನುತ್ತಿದ್ದ ಜನಗಣತಿಯ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಸಂಘದವರ ಅಪ್ಪಣೆಯಾಗಿದೆ. ನಾವು ಮುಂಬಯಿಯ ಶಾಲಾಮಾಸ್ತರರು. 2011ರ ಫೆಬ್ರವರಿ 9ರಿಂದ 28ರವರೆಗೆ ಗಣತಿಯ ನಮೂನೆಗಳನ್ನು ಹೊತ್ತು ಚಾಳಿನಿಂದ ಚಾಳಿಗೆ ಅಲೆದವರು. ಅದು ಹಂಗಾಮಿ ಚಾಕರಿ. ಒಬ್ಬೊಬ್ಬರ ಪಾಲಿಗೆ ಆರೇಳು ನೂರು ಜನ. ಬೆಳಿಗ್ಗೆ ಪಾಠ, ಸಂಜೆ ಮೆಟ್ಟಿಲು.

ಗಣತಿಯೆಂದರೆ ತಲೆ ಎಣಿಸುವುದಷ್ಟೇ ಎಂದು ತಾವು ತಿಳಿದಿರಬಹುದು. ಮೊದಲ ತೊಡಕು ‘ಕುಟುಂಬ’ ಎಂಬ ಮಾತಿನಲ್ಲಿಯೇ ಇದೆ. ಒಂದೇ ಅಡಿಗೆಯನ್ನು ಉಣ್ಣುತ್ತ ಕೂಡಿ ಬಾಳುವವರು ಒಂದು ಕುಟುಂಬ. ಇದು ಸರಕಾರದ ಸೂತ್ರ. ಹತ್ತಡಿಯ ಖೋಲಿಯಲ್ಲಿ ಅಣ್ಣನದೊಂದು ಸ್ಟೋವು, ತಮ್ಮನದೊಂದು ಸ್ಟೋವು ಉರಿಯುತ್ತಿದ್ದರೆ ಎರಡು ನಮೂನೆ ತುಂಬಬೇಕು. ವಾರಗಿತ್ತಿಯರ ಮನಸ್ತಾಪ ದಿಲ್ಲಿಯ ಲೆಕ್ಕಕ್ಕೆ ಸೇರುವುದು ಹೀಗೆ!

ಗಂಡನ ಹೆಸರು ಹೇಳಲೊಲ್ಲದ ಮುದುಕಿಯರ ಪಕ್ಷವನ್ನು 1948ರ ಜನಗಣತಿ ಕಾಯಿದೆಯೇ ವಹಿಸಿದೆ. ರೂಢಿ ತಡೆಯುವ ಹೆಸರನ್ನು ಹೇಳೆಂದು ಹೆಂಗಸರನ್ನು ಬಲವಂತಪಡಿಸುವಂತಿಲ್ಲ. ನಾವು ಬರೆದುಕೊಂಡದ್ದು ಗುಟ್ಟಾಗಿರತಕ್ಕದ್ದು. ಮನೆಮಾಲೀಕನ ದಾವೆಯಲ್ಲಿ ಅದು ಸಾಕ್ಷ್ಯಕ್ಕೆ ಬಾರದು. ಬಾಡಿಗೆಯ ಭಯಕ್ಕೆ ನೆಂಟನನ್ನು ಲೆಕ್ಕದಿಂದ ಬಚ್ಚಿಡುವವರಿಗೆ ಇದನ್ನು ಹೇಳಿ ಹೇಳಿ ನಮ್ಮ ಗಂಟಲು ಆರಿಹೋಯಿತು.

ಆದರೆ ಇಂದು ಮುಖ್ಯವಾಗಿ ಹೇಳಬೇಕಾದದ್ದು ಹತ್ತನೆಯ ಪ್ರಶ್ನೆ: ಮಾತೃಭಾಷೆ. ಎಳವೆಯಲ್ಲಿ ತಾಯಿ ಯಾವ ನುಡಿಯಲ್ಲಿ ಮಾತನಾಡಿಸಿದಳೋ ಅದೇ ಮಾತೃಭಾಷೆ. ಮಗು ಓದುವ ಶಾಲೆಯ ಭಾಷೆಯಲ್ಲ, ತಂದೆಯ ಕಚೇರಿಯ ಭಾಷೆಯಲ್ಲ. ಒಂದು ಮನೆಯಲ್ಲಿ ಕಾಲೇಜಿಗೆ ಹೋಗುವ ಹುಡುಗ ಬಾಗಿಲಲ್ಲೇ ನಿಂತು “ಹಿಂದಿ” ಎಂದ. ಒಳಗಿನಿಂದ ಅಜ್ಜಿ, “ಯಾರೋ ಅದು, ಒಳಗೆ ಕರಿಯೋ” ಎಂದು ಅಚ್ಚ ಧಾರವಾಡದ ಧಾಟಿಯಲ್ಲಿ ಕೂಗುತ್ತಿದ್ದಾರೆ! ಗಣತಿದಾರನು ಹೇಳಿದ್ದನ್ನೇ ಬರೆಯತಕ್ಕವನು. ತಿದ್ದುವ ಅಧಿಕಾರ ಅವನಿಗಿಲ್ಲ. ಇನ್ನೊಂದೆಡೆ ಮನೆಯ ಯಜಮಾನರು, “ಕನ್ನಡ ಎಂದರೆ ನಮ್ಮನ್ನು ಹೊರಗಿನವರೆಂದಾರು” ಎಂದು ಅಳುಕಿದರು. ಬಲ್ಲ ಬೇರೆ ಎರಡು ಭಾಷೆಗಳಿಗೆ ಮುಂದಿನ ಪ್ರಶ್ನೆಯಿದೆ, ಮರಾಠಿಯನ್ನೂ ಹಿಂದಿಯನ್ನೂ ಅಲ್ಲಿ ಧಾರಾಳವಾಗಿ ಬರೆಸಿ ಎಂದಾಗ ಅವರ ಮುಖ ಅರಳಿತು.

ನಮ್ಮ ಸಂಘದಲ್ಲಿ ತುಳುವರೂ ಕೊಂಕಣಿಗರೂ ಅನೇಕರಿದ್ದೀರಿ. ಕನ್ನಡದ ಅಭಿಮಾನದಿಂದ ತಮ್ಮ ತಾಯಿಯ ಮಾತನ್ನು ಮರೆಸಿ ಕನ್ನಡವೆಂದು ಬರೆಸುವುದು ನಮಗೆ ಒಪ್ಪಿಗೆಯಲ್ಲ. 2011ರಲ್ಲಿ ತುಳು ಎಂದು ಬರೆಸಿದವರು 18 ಲಕ್ಷ ದಾಟಿದರು. ಅದು ಸಣ್ಣ ಸಂಖ್ಯೆಯಲ್ಲ. ಅಂಥವರ ಕನ್ನಡಕ್ಕೆ ಹನ್ನೊಂದನೆಯ ಪ್ರಶ್ನೆಯಲ್ಲಿ ಗೌರವದ ಸ್ಥಾನವಿದೆ.

ಆ ವರ್ಷ ಕನ್ನಡವೆಂದು ಬರೆಸಿದವರು ದೇಶದಲ್ಲಿ 4 ಕೋಟಿ 37 ಲಕ್ಷ. ಮಹಾರಾಷ್ಟ್ರದಲ್ಲಿಯೇ ಸುಮಾರು 10 ಲಕ್ಷ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲಿ ದೊರೆಯಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಕನ್ನಡ ಶಾಲೆ ಬೇಕೆಂದು ಅರ್ಜಿ ಹಿಡಿದು ಹೋದಾಗ, “ನೀವು ಎಷ್ಟು ಜನ?” ಎಂದೇ ಕೇಳುತ್ತಾರೆ. ಆಗ ಭಾಷಣ ನೆರವಿಗೆ ಬಾರದು.

2021ರಲ್ಲಿ ಆಗಬೇಕಾಗಿದ್ದ ಗಣತಿ ತಪ್ಪಿಹೋಗಿ, ದೇಶದ ಬಹುಭಾಗಕ್ಕೆ 2027ರ ಮಾರ್ಚ್ 1 ಗಣನೆಯ ದಿನವೆಂದು 2025ರಲ್ಲಿ ಸಾರಲಾಯಿತು. ಕಾಗದದ ಬದಲು ಮೊಬೈಲು, ಮನೆಯವರೇ ತುಂಬಿಕೊಡುವ ಸೌಕರ್ಯವೂ ಉಂಟೆಂದು ಪ್ರಕಟಣೆಯಾಗಿದೆ. ಮೊಬೈಲು ಮನೆಯಲ್ಲಿ ಹುಡುಗರ ಕೈಯಲ್ಲಿರುತ್ತದೆ. ಆ ಹೊತ್ತಿಗೆ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿರಿ.