ತಂತಿಯೊಳಗಿನ ಮಾತು ತಂತಿಯಲ್ಲೇ ಉಳಿಯುತ್ತದೆಯೇ?



ನಾನು ಚಿಕ್ಕವನಾಗಿದ್ದಾಗ ನಮ್ಮ ಮನೆಯಲ್ಲಿ ಬೆಳಗಿನ ವಾರ್ತೆಯ ಹೊತ್ತಿಗೇ ಅಮ್ಮ ಚಟ್ನಿಗೆಂದು ಮಿಕ್ಸಿ ಹಾಕುತ್ತಿದ್ದರು. ಕೂಡಲೇ ರೇಡಿಯೋದಲ್ಲಿ ವಾರ್ತೆ ಮಾಯವಾಗಿ ಗರಗರ ಶಬ್ದ. ಮಿಕ್ಸಿ ಇದ್ದದ್ದು ಅಡುಗೆಮನೆಯಲ್ಲಿ, ರೇಡಿಯೋ ಇದ್ದದ್ದು ನಡುಮನೆಯಲ್ಲಿ. ಹಾಗಾದರೆ ಎರಡಕ್ಕೂ ಏನು ಸಂಬಂಧ? ಮಿಕ್ಸಿಯ ಮೋಟಾರಿನಲ್ಲಿ ಹುಟ್ಟುವ ಸಣ್ಣ ಸಣ್ಣ ಕಿಡಿಗಳ ಗದ್ದಲ ಗೋಡೆಯೊಳಗಿನ ವಿದ್ಯುತ್ ತಂತಿಗೆ ಇಳಿಯುತ್ತಿತ್ತು. ಆ ತಂತಿಯೇ ಆಂಟೆನಾದಂತೆ ಅದನ್ನು ಗಾಳಿಗೆ ಬಿಡುತ್ತಿತ್ತು. ತಂತಿಯಲ್ಲಿ ಹರಿದದ್ದೆಲ್ಲ ತಂತಿಯಲ್ಲೇ ಉಳಿಯುವುದಿಲ್ಲ ಎಂಬುದಕ್ಕೆ ಇದು ನಾನು ಕಂಡ ಮೊದಲ ಸಾಕ್ಷಿ.

ವಿದ್ಯುತ್ ತಂತಿಯ ಮೂಲಕ ಮಾತನಾಡುವುದು ಹೊಸ ವಿದ್ಯೆಯೇನಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದ ನಾಡು ನಮ್ಮದು. ಮುಂದೆ ಅಂಥದೇ ಹೈ ಟೆನ್ಷನ್ ತಂತಿಗಳ ಮೇಲೆ ಕೇಂದ್ರದಿಂದ ಕೇಂದ್ರಕ್ಕೆ ದೂರವಾಣಿ ಸಂಕೇತವನ್ನೂ ಕಳುಹಿಸುವ ಪದ್ಧತಿ ಬಂತು. ದೊಡ್ಡ ವಿದ್ಯುತ್ ಕೇಂದ್ರದ ಬೇಲಿಯಾಚೆ, ಲೈನು ಒಳಬರುವ ಕಡೆ, ಪೀಪಾಯಿಯಂಥ ಸುರುಳಿಯೊಂದು ತೂಗುವುದನ್ನು ನೀವು ನೋಡಿರಬಹುದು. ಅದರ ಹೆಸರು ವೇವ್ ಟ್ರ್ಯಾಪ್. 50 ಹರ್ಟ್ಸ್‌ನ ವಿದ್ಯುತ್ತನ್ನು ಅದು ಸಲೀಸಾಗಿ ಬಿಡುತ್ತದೆ, ಹೆಚ್ಚಿನ ಆವೃತ್ತಿಯ ಸಂಕೇತವನ್ನು ತಡೆದು ನಿಲ್ಲಿಸುತ್ತದೆ.

ಈಗ ಎಲೆಕ್ಟ್ರಾನಿಕ್ ಸಿಟಿಯ ಕಡೆಗೆ ಬರೋಣ. ಅದರ ಪಕ್ಕದ ಬೊಮ್ಮಸಂದ್ರದಲ್ಲಿ ತಯಾರಾದ ರೇವಾ ವಿದ್ಯುತ್ ಕಾರು 2001ರಲ್ಲಿ ಮಾರುಕಟ್ಟೆಗೆ ಬಂತು. ಮನೆಯ 15 ಆಂಪಿಯರ್ ಸಾಕೆಟ್ಟಿಗೆ ಪ್ಲಗ್ ಚುಚ್ಚಿದರೆ ಮುಗಿಯಿತು. ಕಾರಿಗೂ ಗೋಡೆಗೂ ನಡುವೆ ಮಾತಿಲ್ಲ, ಕತೆಯಿಲ್ಲ. ಇಂದಿನ ಸಿಸಿಎಸ್ ಎಂಬ ವೇಗದ ಚಾರ್ಜರ್ ಹಾಗಲ್ಲ. ಎಷ್ಟು ವೋಲ್ಟ್ ಬೇಕು, ಎಷ್ಟು ಆಂಪಿಯರ್ ಸಾಕು, ಬ್ಯಾಟರಿ ಎಷ್ಟು ತುಂಬಿದೆ ಎಂದು ಕಾರೂ ಚಾರ್ಜರೂ ಉದ್ದಕ್ಕೂ ಮಾತನಾಡುತ್ತಲೇ ಇರುತ್ತವೆ. ದಪ್ಪ ಕೇಬಲ್ಲಿನೊಳಗಿನ ಒಂದು ತೆಳು ತಂತಿಯ ಮೇಲೆ, ವಿದ್ಯುತ್ ತಂತಿ ಸಂವಹನದ ತಂತ್ರದಿಂದಲೇ, ಈ ಮಾತುಕತೆ ನಡೆಯುತ್ತದೆ. ಅದರ ಆವೃತ್ತಿ ಸುಮಾರು 2ರಿಂದ 28 ಮೆಗಾಹರ್ಟ್ಸ್. ಎಂದರೆ, ಶಾರ್ಟ್‌ವೇವ್ ರೇಡಿಯೋದ ಸೀಮೆ.

ಒಂದು ಚಿಕ್ಕ ಲೆಕ್ಕ ಮಾಡೋಣ. 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ತರಂಗದೂರ ಮೀಟರಿನಲ್ಲಿ ಸಿಗುತ್ತದೆ. 15 ಮೆಗಾಹರ್ಟ್ಸ್‌ಗೆ ಅದು 20 ಮೀಟರ್. ಅದರ ಕಾಲು ಭಾಗ 5 ಮೀಟರ್. ತರಂಗದೂರದ ಕಾಲು ಭಾಗದಷ್ಟು ಉದ್ದದ ತಂತಿ ಒಳ್ಳೆಯ ಆಂಟೆನಾ ಎಂದು ನೀವು ಓದಿದ್ದೀರಿ. ಚಾರ್ಜರಿನ ಕೇಬಲ್ ಎಷ್ಟು ಉದ್ದ? ಅದೂ ಕೆಲವೇ ಮೀಟರ್. ನಾವು ಕೇಬಲ್ ಎಂದು ಕರೆಯುವುದನ್ನು ಭೌತಶಾಸ್ತ್ರ ಆಂಟೆನಾ ಎಂದು ಕರೆಯುತ್ತದೆ!

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ರಿಚರ್ಡ್ ಬೇಕರ್ ಮತ್ತು ಇವಾನ್ ಮಾರ್ಟಿನೊವಿಕ್ ಇದನ್ನು 2019ರಲ್ಲಿ ತೋರಿಸಿಕೊಟ್ಟರು. ಸಾರ್ವಜನಿಕ ಚಾರ್ಜಿಂಗ್ ಸ್ಥಳಗಳಲ್ಲಿ, ಯಾವ ತಂತಿಯನ್ನೂ ಮುಟ್ಟದೆ, ರೇಡಿಯೋ ಗ್ರಾಹಕದಿಂದಲೇ ಅವರು ಈ ಸಂವಾದವನ್ನು ಹಿಡಿದರು. ಸಂದೇಶಗಳಿಗೆ 128 ಬಿಟ್‌ಗಳ ಗಟ್ಟಿಯಾದ ಗೂಢಲಿಪಿಯ ರಕ್ಷಣೆ ಇತ್ತಲ್ಲ ಎನ್ನಬಹುದು. ಬೀಗವೇನೋ ಗಟ್ಟಿ. ಆದರೆ ಮಾತು ಶುರುವಾಗುವಾಗ ಚಾರ್ಜರು ಬೀಗದ ಕೈಯನ್ನೇ ಅದೇ ತಂತಿಯಲ್ಲಿ ಬಿಚ್ಚಾಗಿ ಕಳುಹಿಸುತ್ತಿತ್ತು. ತಂತಿಯಲ್ಲಿ ಇರುವುದು ನಾವಿಬ್ಬರೇ ಎಂಬ ನಂಬಿಕೆಯೇ ಅಲ್ಲಿ ಮುಳುವಾಯಿತು.

ಕೇಳಿಸಿಕೊಂಡರೆ ನಷ್ಟವೇನು? ಪ್ರತಿ ಕಾರಿಗೂ ತನ್ನದೇ ಗುರುತು ಸಂಖ್ಯೆ ಇದೆ. ವೈಟ್‌ಫೀಲ್ಡಿನ ಯಾವುದೋ ಕಚೇರಿಯ ವಾಹನ ನಿಲ್ದಾಣದಲ್ಲಿ ಯಾವ ಕಾರು ಯಾವ ದಿನ, ಎಷ್ಟು ಹೊತ್ತು ನಿಂತಿತ್ತು ಎಂದು ದೂರದಿಂದಲೇ ಬರೆದಿಡಬಹುದು. ಕೆಲವು ವ್ಯವಸ್ಥೆಗಳಲ್ಲಿ ಆ ಸಂಖ್ಯೆಯನ್ನೇ ನಂಬಿ ಹಣದ ಲೆಕ್ಕ ಹಾಕುತ್ತಾರೆ. ಆ ಸಂಖ್ಯೆಯನ್ನು ನಕಲು ಮಾಡಿದವನ ಬಿಲ್ಲು ನಿಮ್ಮ ಖಾತೆಗೆ ಬೀಳಬಹುದು.

ಆಂಟೆನಾ ಕಳುಹಿಸುವುದಷ್ಟೇ ಅಲ್ಲ, ಪಡೆಯುವುದೂ ಉಂಟು. 2022ರಲ್ಲಿ ಅದೇ ವಿಶ್ವವಿದ್ಯಾಲಯದವರೂ ಸೇರಿದ ತಂಡವೊಂದು 1 ವ್ಯಾಟ್‌ಗೂ ಕಡಿಮೆ ಶಕ್ತಿಯ ರೇಡಿಯೋ ಸಂಕೇತದಿಂದ, 47 ಮೀಟರ್ ದೂರದಿಂದ, ಚಾರ್ಜಿಂಗನ್ನೇ ನಿಲ್ಲಿಸಿ ತೋರಿಸಿತು. ರಾತ್ರಿಯೆಲ್ಲ ಚಾರ್ಜಿಗೆ ನಿಂತ ಆಂಬುಲೆನ್ಸು ಬೆಳಿಗ್ಗೆ ಖಾಲಿ ಬ್ಯಾಟರಿಯಲ್ಲಿ ಸಿಕ್ಕರೆ ಏನಾದೀತು, ನೀವೇ ಊಹಿಸಿ.

ಪರಿಹಾರವೂ ಇದೆ. ಹೆಣೆದ ಲೋಹದ ಕವಚ ಇರುವ ಕೇಬಲ್ಲಿನಿಂದ ಸೋರಿಕೆ ತಗ್ಗುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಬೀಗದ ಕೈಯನ್ನು ಬಿಚ್ಚಾಗಿ ಕಳುಹಿಸದೆ, ಎರಡೂ ಕಡೆಯವರು ಗಣಿತದ ಉಪಾಯದಿಂದ ಗುಟ್ಟನ್ನು ತಾವೇ ರೂಪಿಸಿಕೊಳ್ಳುವುದು. ಬ್ಯಾಂಕಿನ ಜಾಲತಾಣಗಳು ಹೀಗೆಯೇ ಮಾಡುತ್ತವೆ. 2022ರಲ್ಲಿ ಪ್ರಕಟವಾದ ಐಎಸ್‌ಒ 15118ರ 20ನೇ ಭಾಗ ಇಂಥ ರಕ್ಷಣೆಯನ್ನು ಕಡ್ಡಾಯ ಮಾಡಿದೆ. ಆದರೆ ಹಿಂದಿನ ನಿಯಮದಂತೆ ನೆಟ್ಟ ಚಾರ್ಜರುಗಳು ರಾತ್ರೋರಾತ್ರಿ ಬದಲಾಗುವುದಿಲ್ಲ.

ಚಿತ್ರೀಕರಣದ ವೇಳೆ ನಮ್ಮ ಧ್ವನಿ ತಂತ್ರಜ್ಞರು ಹೊಸಬರಿಗೆ ಹೇಳುವ ಮೊದಲ ಮಾತು, ಮೈಕಿನ ತಂತಿಯನ್ನು ಕರೆಂಟಿನ ತಂತಿಯ ಪಕ್ಕ ಎಳೆಯಬೇಡಿ ಎಂದು. ತಂತಿ ತಂತಿಗೆ ಕೇಳಿಸುತ್ತದೆ ಎಂಬುದು ಅವರಿಗೆ ಗೊತ್ತು.

ಕೊನೆಗೆ ನಿಮಗೊಂದು ಪ್ರಯೋಗ. ಮನೆಯಲ್ಲಿ ಹಳೆಯ ರೇಡಿಯೋ ಇದ್ದರೆ ಮೀಡಿಯಂ ವೇವ್‌ಗೆ ತಿರುಗಿಸಿ, ನಿಲಯವಿಲ್ಲದ ಜಾಗದಲ್ಲಿ ನಿಲ್ಲಿಸಿ. ಮಿಕ್ಸಿ ಹಾಕಿಸಿ, ಒಂದೊಂದೇ ಹೆಜ್ಜೆ ದೂರ ಸರಿಯಿರಿ. ಎಷ್ಟನೇ ಹೆಜ್ಜೆಗೆ ಗರಗರ ನಿಲ್ಲುತ್ತದೆ ಎಂದು ಎಣಿಸಿ. ಮತ್ತೆ ಗೋಡೆಯ ವಿದ್ಯುತ್ ತಂತಿಯ ಹತ್ತಿರ ಹೋಗಿ ಕೇಳಿ. ಗೋಡೆಗೂ ಕಿವಿಯುಂಟು ಎಂದರು ಹಿರಿಯರು. ಗೋಡೆಗೆ ಬಾಯಿಯೂ ಉಂಟು ಎಂಬುದು ಆಗ ನಿಮಗೇ ತಿಳಿಯುತ್ತದೆ.