ಗ್ರೀಕರ ಮಠವೂ ನಮ್ಮ ಕೂಲಿಮಠವೂ



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಹುಟ್ಟಿದವನೊಬ್ಬನು ಪ್ರಾಚೀನ ಗ್ರೀಸಿನ ಮಕ್ಕಳ ವಿದ್ಯಾಭ್ಯಾಸವನ್ನು ಕುರಿತು ಮಾತನಾಡಹೊರಟರೆ ವಿಚಿತ್ರವಾಗಿ ತೋರಬಹುದು. ಆದರೆ ಗ್ರೀಕರ ಗ್ರಂಥಗಳನ್ನು ಇಂಗ್ಲಿಷಿನ ಮೂಲಕ ಓದಿದಾಗಲೆಲ್ಲ ನನಗೆ ನಮ್ಮ ಮನೆತನದ ಹಿರಿಯರೊಬ್ಬರ ವಿಷಯವಾಗಿ ಕೇಳಿದ ಮಾತುಗಳು ನೆನಪಿಗೆ ಬರುತ್ತವೆ. ಅವರು ತುರುವೇಕೆರೆಯ ಕಡೆಯ ಒಂದು ಹಳ್ಳಿಯ ಕೂಲಿಮಠದಲ್ಲಿ ಓದಿದವರು. ವೃದ್ಧಾಪ್ಯದಲ್ಲಿ ಕಣ್ಣು ಮಂಜಾದ ಮೇಲೆಯೂ ಜಗಲಿಯ ಮೇಲೆ ಕುಳಿತು ಜೈಮಿನಿ ಭಾರತದ ಸಂಧಿಗಳನ್ನು ಪುಸ್ತಕವಿಲ್ಲದೆ ಹೇಳುತ್ತಿದ್ದರಂತೆ. ತಿಪಟೂರಿನ ಸಂತೆಯಲ್ಲಿ, ಇಷ್ಟು ಮಣ ಕೊಬ್ಬರಿಗೆ ಇಷ್ಟು ಹಣವೆಂಬುದನ್ನು, ವರ್ತಕನು ಲೆಕ್ಕದ ಪುಸ್ತಕವನ್ನು ಬಿಚ್ಚುವುದರೊಳಗಾಗಿ ಬಾಯಲ್ಲೇ ಹೇಳಿಬಿಡುತ್ತಿದ್ದರಂತೆ. ಅವರಿಗೆ ವಿದ್ಯೆ ಕಲಿಸಿದ ಐಗಳಿಗೆ ಮನೆಯಿಂದ ಸಲ್ಲುತ್ತಿದ್ದುದು ಒಂದಿಷ್ಟು ರಾಗಿ, ತಿಂಗಳಿಗೆ ನಾಲ್ಕಾರು ತೆಂಗಿನಕಾಯಿ. ಐಗಳಿಗೆಂದು ಕಾಯಿ ಆರಿಸುವಾಗ ಸಣ್ಣವನ್ನೇ ಆರಿಸುತ್ತಿದ್ದರೆಂದೂ ನಮ್ಮ ಮನೆಯಲ್ಲಿ ಹೇಳುವುದುಂಟು.

ಆ ಸಣ್ಣ ಕಾಯಿಯ ಮಾತೇ ಈ ದಿನದ ನನ್ನ ವಿಷಯ.

ಸ್ಪಾರ್ಟದಲ್ಲಿ ಏಳು ವರ್ಷದ ಹುಡುಗನನ್ನು ರಾಜ್ಯವೇ ತನ್ನ ವಶಕ್ಕೆ ತೆಗೆದುಕೊಂಡು ಯೋಧನನ್ನಾಗಿ ಮಾಡುತ್ತಿತ್ತು. ಅಥೆನ್ಸಿನಲ್ಲಿ ಹಾಗಲ್ಲ, ಅಲ್ಲಿ ಸರ್ಕಾರದ ಪಾಠಶಾಲೆಗಳೇ ಇರಲಿಲ್ಲ. ತಂದೆಯಾದವನು ಗುರುವನ್ನು ಹುಡುಕಿ, ತಿಂಗಳು ತಿಂಗಳಿಗೆ ಹಣ ಕೊಟ್ಟು ಮಗನನ್ನು ಓದಿಸಬೇಕಾಗಿತ್ತು. ಅಕ್ಷರ ಕಲಿಸಲು ಒಬ್ಬ, ವೀಣೆಯಂತಹ ಲೈರ್ ವಾದ್ಯವನ್ನು ಕಲಿಸಲು ಒಬ್ಬ, ಅಂಗಸಾಧನೆಗೆ ಮತ್ತೊಬ್ಬ. ಹುಡುಗನನ್ನು ಮಠಕ್ಕೆ ಕರೆದೊಯ್ಯುವವನು ಮನೆಯ ಗುಲಾಮ. ಅವನಿಗೆ ಪೈಡಗೋಗಸ್ ಎಂದು ಹೆಸರು. ಇಂದು ಶಿಕ್ಷಣಶಾಸ್ತ್ರಕ್ಕೆ ಇಂಗ್ಲಿಷಿನಲ್ಲಿರುವ ದೊಡ್ಡ ಹೆಸರು ಹುಟ್ಟಿದುದು ಈ ಗುಲಾಮನಿಂದಲೇ ಎಂಬುದನ್ನು ನಮ್ಮ ಟ್ರೈನಿಂಗ್ ಕಾಲೇಜಿನ ಮಿತ್ರರು ಮನ್ನಿಸಬೇಕು.

ಮೇಣ ಬಳಿದ ಹಲಗೆಯ ಮೇಲೆ ಮೊನೆಯಿಂದ ಗೀರಿ ಅಕ್ಷರ ತಿದ್ದಿದ ಮೇಲೆ ಹೋಮರನ ಕಾವ್ಯಗಳ ಬಾಯಿಪಾಠ. ನಿಕೆರಾಟಸ್ ಎಂಬ ಶ್ರೀಮಂತನ ಮಗನು, ತನ್ನ ತಂದೆಯು ಹೋಮರನ ಸಮಗ್ರ ಕಾವ್ಯವನ್ನು ತನ್ನಿಂದ ಕಂಠಪಾಠ ಮಾಡಿಸಿದನೆಂದೂ, ಇಲಿಯಡ್ ಒಡಿಸ್ಸಿಗಳೆರಡನ್ನೂ ಈಗಲೂ ಹೇಳಬಲ್ಲೆನೆಂದೂ ಜಂಬಪಡುವುದನ್ನು ಸೆನೊಫನ್ ಬರೆದಿದ್ದಾನೆ. ನಮ್ಮ ಜಗಲಿಯ ವೃದ್ಧರು ಅವನ ಪಕ್ಕದಲ್ಲಿ ಕುಳಿತುಕೊಳ್ಳಬಹುದಾಗಿತ್ತು.

ನಮ್ಮ ಕೂಲಿಮಠದಲ್ಲಿ ಮೇಣದ ಹಲಗೆಗೆ ಬದಲು ಮರಳು. ಅದರ ಮೇಲೆ ಬೆರಳಿನಿಂದ ತಿದ್ದಿ ಕೈ ಕುದುರಿದ ಬಳಿಕ ಕಡತ, ಎಂದರೆ ಹುಣಿಸೆಬೀಜದ ಸರಿಯನ್ನೂ ಇದ್ದಿಲನ್ನೂ ಬಳಿದು ಮಡಿಸಿದ ಕರಿಯ ಬಟ್ಟೆ. ಅದರ ಮೇಲೆ ಬಳಪದ ಬರವಣಿಗೆ. ಈ ಮಠಗಳ ಒಂದು ಸ್ಪಷ್ಟವಾದ ಚಿತ್ರವು ಬಳ್ಳಾರಿಯ ಕಲೆಕ್ಟರ್ ಕ್ಯಾಂಬೆಲನು 1823ರಲ್ಲಿ ಮದರಾಸು ಸರ್ಕಾರಕ್ಕೆ ಬರೆದ ವರದಿಯಲ್ಲಿದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಗುರುವು ‘ಸರಸ್ವತಿ’ ಎಂದು ಬರೆಯುವನು. ಎರಡನೆಯವನಿಗೆ ಒಂದು ಸೊನ್ನೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆಯ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆ ಬಂದವರಿಗೆಲ್ಲ ಒಂದೊಂದು ಹೆಚ್ಚು. ಸೋಮಾರಿಗಳನ್ನು ಎರಡು ಕೈ ಕಟ್ಟಿ ಸೂರಿಗೆ ನೇತುಹಾಕುತ್ತಿದ್ದುದೂ ಅದೇ ವರದಿಯಲ್ಲಿದೆ. ಹಳೆಯದೆಲ್ಲವೂ ಚೆನ್ನಾಗಿತ್ತೆನ್ನುವವರು ಇದನ್ನೂ ನೆನೆಯಬೇಕು.

ಇನ್ನು ಗುರುವಿನ ಸ್ಥಿತಿ. ಕೂಲಿಮಠವೆಂಬ ಹೆಸರೇ ಅದನ್ನು ಸಾರುತ್ತದೆ. ಹೊಯ್ಸಳರ ಕಾಲದಲ್ಲಿ ತುರುವೇಕೆರೆಯು ಅಗ್ರಹಾರವಾಗಿತ್ತು. ಅಗ್ರಹಾರದ ವೇದಶಾಸ್ತ್ರಗಳಿಗೆ ಭೂಮಿಯ ದತ್ತಿಯುಂಟು, ಶಾಸನವುಂಟು. ಒಕ್ಕಲಮಗನಿಗೆ ಕಾಗುಣಿತ, ಮಗ್ಗಿ ಕಲಿಸುವ ಐಗಳಿಗೆ ದಿನದ ಕೂಲಿಯೇ ಗತಿ. ಗ್ರೀಸಿನಲ್ಲಿಯೂ ಇದೇ ತಾರತಮ್ಯ. ವಾದವಿದ್ಯೆಯನ್ನು ಕಲಿಸಿದ ಪ್ರೊಟಾಗೊರಸನು ಒಬ್ಬೊಬ್ಬ ಶಿಷ್ಯನಿಂದ ನೂರು ಮಿನ ಬೆಳ್ಳಿಯನ್ನು ಪಡೆಯುತ್ತಿದ್ದನೆಂದು ಪ್ರತೀತಿ. ಅಕ್ಷರ ಕಲಿಸುವವನೋ, ನಗೆಪಾಟಲು. ಕ್ರಿ. ಪೂ. 330ರಲ್ಲಿ ಮಹಾವಾಗ್ಮಿಯಾದ ಡಿಮಾಸ್ಥನೀಸನು ತನ್ನ ವೈರಿ ಈಸ್ಕಿನೀಸನನ್ನು ತುಂಬಿದ ಸಭೆಯಲ್ಲಿ ಹಳಿಯುವಾಗ, ‘ನೀನು ಚಿಕ್ಕಂದಿನಲ್ಲಿ ನಿನ್ನ ತಂದೆಯ ಜತೆಯಲ್ಲಿ ಮಠದಲ್ಲಿ ದುಡಿದೆ, ಮಸಿ ಅರೆದೆ, ಬೆಂಚು ಒರಸಿದೆ, ಕಸ ಗುಡಿಸಿದೆ’ ಎಂಬ ಅರ್ಥದ ಮಾತುಗಳನ್ನಾಡಿದನು. ಉಪಾಧ್ಯಾಯನ ಮಗನೆಂಬುದೇ ಒಂದು ಬೈಗುಳ! ಆದರೆ ಇದೇ ಡಿಮಾಸ್ಥನೀಸನು ಯುವಕನಾಗಿದ್ದಾಗ, ತನ್ನ ಪೋಷಕರು ತಂದೆಯ ಆಸ್ತಿಯನ್ನು ನುಂಗಿದುದಲ್ಲದೆ ತನ್ನ ಗುರುಗಳಿಗೂ ಸಂಬಳ ಕೊಡದೆ ವಂಚಿಸಿದರೆಂದು ನ್ಯಾಯಸ್ಥಾನದಲ್ಲಿ ಮೊರೆಯಿಟ್ಟಿದ್ದನು. ಬೇಕಾದಾಗ ಗುರುವಿನ ಬಾಕಿ ನೆನಪಿಗೆ ಬರುತ್ತದೆ.

ಥಿಯೊಫ್ರಾಸ್ಟಸನು ಚಿತ್ರಿಸಿರುವ ಜಿಪುಣನೊಬ್ಬನು ಹಬ್ಬಗಳು ಹೆಚ್ಚಾಗಿರುವ ತಿಂಗಳು ಬಂದರೆ ಮಕ್ಕಳನ್ನು ಮಠಕ್ಕೇ ಕಳುಹಿಸುವುದಿಲ್ಲ. ರಜೆಯ ದಿನಗಳಿಗೆ ಹಣ ದಂಡವೆಂದು ಅವನ ಲೆಕ್ಕ. ನಮ್ಮಲ್ಲಿ ಹಬ್ಬವು ಐಗಳಿಗೆ ಒದಗಿಬರುತ್ತಿತ್ತು. ಮಹಾನವಮಿಯಲ್ಲಿ ಹುಡುಗರು ಗುರುವಿನೊಡನೆ ಮನೆಮನೆಗೆ ಹೋಗಿ ಚೌಪದಗಳನ್ನು ಹಾಡಿ, ಕೊಟ್ಟುದನ್ನು ಗುರುವಿಗೆ ಒಪ್ಪಿಸುತ್ತಿದ್ದರು. ಇದು ಗೌರವವೋ, ಭಿಕ್ಷೆಯೋ, ನಾನು ಹೇಳಲಾರೆ.

ಜನರ ಕೈ ಬರಿದಾದರೆ ಇಂತಹ ಮಠವು ಉಳಿಯದು. ಕ್ಯಾಂಬೆಲನು ಎಣಿಸಿದ್ದು 533 ಮಠಗಳು. ಅವುಗಳಲ್ಲಿ ಕನ್ನಡದವು 235. ಒಂಬತ್ತು ಲಕ್ಷಕ್ಕೆ ಮೇಲ್ಪಟ್ಟ ಜನಸಂಖ್ಯೆಯಲ್ಲಿ ವಿದ್ಯಾರ್ಥಿಗಳು 6,641, ಹೆಣ್ಣುಮಕ್ಕಳು ಅರವತ್ತೇ ಅರವತ್ತು. (ಅಥೆನ್ಸಿನ ಹೆಣ್ಣುಮಕ್ಕಳು ಕಲಿತುದೆಲ್ಲ ಸಾಮಾನ್ಯವಾಗಿ ಮನೆಯೊಳಗೇ.) ಹಿಂದೆ ಮಠವಿದ್ದ ಅನೇಕ ಗ್ರಾಮಗಳಲ್ಲಿ ಈಗ ಇಲ್ಲವೆಂದೂ, ಇದಕ್ಕೆ ದೇಶದ ಬಡತನವೇ ಕಾರಣವೆಂದೂ ಆ ಕಲೆಕ್ಟರನೇ ಒಪ್ಪಿಕೊಂಡಿದ್ದಾನೆ. ಮೈಸೂರು ಸೀಮೆಯಲ್ಲಿ 1868ರಲ್ಲಿ ರೈಸ್ ಸಾಹೇಬರು ಹೋಬಳಿ ಪಾಠಶಾಲೆಗಳ ಯೋಜನೆಯನ್ನು ಮುಂದಿಟ್ಟ ಮೇಲೆಯೇ ಹಳ್ಳಿಯ ಅಕ್ಷರಾಭ್ಯಾಸವು ಕ್ರಮವಾಗಿ ಸರ್ಕಾರದ ಹೊಣೆಯಾಗತೊಡಗಿತು.

ಗ್ರೀಕರಲ್ಲಿ ಊರಿಗೆ ಊರೇ ಈ ಹೊಣೆಯನ್ನು ಹೊತ್ತ ಒಂದು ಪ್ರಸಂಗವಿದೆ. ಕ್ರಿ. ಪೂ. 480ರಲ್ಲಿ ಪಾರಸಿಕರ ದಂಡು ಬರುತ್ತಿದೆಯೆಂದು ಅಥೆನ್ಸಿನವರು ಊರನ್ನೇ ಬಿಟ್ಟು ಹೊರಟರು. ಆ ಯುದ್ಧವನ್ನು ಕುರಿತ ಈಸ್ಕಿಲಸನ ನಾಟಕವನ್ನು ಬಿ. ಎಂ. ಶ್ರೀಕಂಠಯ್ಯನವರು ‘ಪಾರಸಿಕರು’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದಿರುವುದು ತಮಗೆ ತಿಳಿದೇ ಇದೆ. ಹೆಂಗಸರೂ ಮಕ್ಕಳೂ ಅನೇಕರು ಕಡಲು ದಾಟಿ ಟ್ರೀಜನ್ ಎಂಬ ಊರಿಗೆ ಬಂದರು. ಅಲ್ಲಿನವರು ಸಭೆ ಸೇರಿ ಮೂರು ನಿರ್ಣಯಗಳನ್ನು ಮಾಡಿದರು. ಬಂದವರಿಗೆ ದಿನಕ್ಕೆ ಎರಡು ಒಬೊಲ್ ನಾಣ್ಯ ಕೊಡತಕ್ಕದ್ದು. ಅವರ ಮಕ್ಕಳು ಯಾರ ತೋಟದಲ್ಲಿ ಬೇಕಾದರೂ ಹಣ್ಣು ಕಿತ್ತು ತಿನ್ನಬಹುದು. ಆ ಮಕ್ಕಳಿಗೆ ಪಾಠ ಹೇಳುವ ಗುರುಗಳ ಸಂಬಳವನ್ನು ಊರೇ ಕೊಡತಕ್ಕದ್ದು. ತೋಟದ ಬೇಲಿಯಲ್ಲಿ ಸಂದು ಕಂಡರೆ ಆ ಸಂಜೆಯೇ ಮುಳ್ಳು ಕಡಿದು ಹಾಕುವ ಸೀಮೆಯವನಾದ ನನಗೆ ಎರಡನೆಯ ನಿರ್ಣಯದ ಬೆಲೆ ಚೆನ್ನಾಗಿ ಗೊತ್ತು. ಆದರೂ ಮೂರನೆಯದನ್ನು ಓದಿದಾಗ ನಾನು ಪುಸ್ತಕವನ್ನು ಸ್ವಲ್ಪ ಹೊತ್ತು ಮುಚ್ಚಿಟ್ಟೆ. ಈ ನಿರ್ಣಯವನ್ನು ಮಂಡಿಸಿದವನು ನಿಕಾಗೊರಸನೆಂಬವನೆಂದು ಪ್ಲೂಟಾರ್ಕನು ಹೆಸರು ಬರೆದಿಟ್ಟಿದ್ದಾನೆ. ಪಾಠ ಹೇಳಿದ ಗುರುಗಳ ಹೆಸರನ್ನು ಅವನೂ ಬರೆದಿಲ್ಲ.